ಹಣ್ಣಿಗಿಂತ ಬಾಕ್ಸೇ ದುಬಾರಿ: ಟೊಮೆಟೊ ಕ್ರೇಟ್ ವಾಪಸ್ ಬರದಿದ್ದರೆ ನಷ್ಟ ಯಾರಿಗೆ?

ಕೋಲಾರ: ಟೊಮೆಟೊ ದರ ಏರಿದರೂ ಸುದ್ದಿ, ಬಿದ್ದರೂ ಸುದ್ದಿ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿದಾಗ ದೇಶವೇ ಕೋಲಾರದ ಕಡೆ ನೋಡಿತ್ತು. ಆದರೆ ಆ ಹಣ್ಣು ಹೊತ್ತು ತಿರುಗುವ ಪ್ಲಾಸ್ಟಿಕ್ ಕ್ರೇಟ್ ಬಗ್ಗೆ ಮಾತಾಡುವವರು ಕಡಿಮೆ. ದರ ನೆಲಕಚ್ಚಿದ ದಿನ ಒಳಗಿನ ಹಣ್ಣಿಗಿಂತ ಹೊರಗಿನ ಕ್ರೇಟಿಗೇ ಬೆಲೆ ಜಾಸ್ತಿ. ಹಣ್ಣನ್ನು ರಸ್ತೆ ಪಕ್ಕ ಸುರಿಯುವ ರೈತ, ಕ್ರೇಟನ್ನು ಮಾತ್ರ ಎಣಿಸಿ ವಾಪಸ್ ಗಾಡಿಗೆ ಹಾಕಿಕೊಳ್ಳುವುದು ಇದಕ್ಕೇ.

ವ್ಯವಸ್ಥೆ ಹೀಗಿದೆ. ಮಂಡಿಯವರು ತಮ್ಮ ಹೆಸರಿರುವ ಖಾಲಿ ಕ್ರೇಟ್ ಕೊಡ್ತಾರೆ, ರೈತ ತೋಟದಲ್ಲಿ ತುಂಬಿ ತರ್ತಾನೆ, ಹರಾಜಾಗುತ್ತೆ, ವ್ಯಾಪಾರಿ ಲೋಡ್ ಮಾಡಿಸ್ತಾನೆ. ಇಲ್ಲಿವರೆಗೆ ಸರಿ. ತೊಂದರೆ ಶುರುವಾಗುವುದು ಲಾರಿ ಗೇಟು ದಾಟಿದ ಮೇಲೆ.

ಲೆಕ್ಕ ಹಾಕಿ ನೋಡಿ. ಸಾವಿರ ಬಾಕ್ಸ್ ಅಂದರೆ 15 ಟನ್ ಹಣ್ಣು. ಅದೇ ಸಾವಿರ ಖಾಲಿ ಕ್ರೇಟ್‌ಗಳ ತೂಕ ಎರಡು ಟನ್ ಆಸುಪಾಸು ಅಷ್ಟೇ, ಆದರೆ ಗೋಡೆ ನೇರ ಇರುವುದರಿಂದ ಒಂದರೊಳಗೊಂದು ಇಳಿಯಲ್ಲ. ತುಂಬಿದ್ದಾಗ ಎಷ್ಟು ಜಾಗವೋ ಖಾಲಿ ಇದ್ದಾಗಲೂ ಅಷ್ಟೇ ಜಾಗ. ಬೆಂಗಳೂರಿಗೆ ಹೋದ ಗಾಡಿ ಖಾಲಿ ಹೊತ್ತು ಸಂಜೆಗೆ ಬಂದೀತು. ದೆಹಲಿಯಿಂದ ಎರಡು ಸಾವಿರ ಕಿ.ಮೀ. ದಾಟಿ ಗಾಳಿಗೆ ಬಾಡಿಗೆ ಕಟ್ಟುವವರು ಯಾರು? ಲಾರಿಯವರಿಗೆ ವಾಪಸ್ ಲೋಡ್ ಬೇಕು. ಅದಕ್ಕೇ ದೂರದೂರಿನ ಹಣ್ಣನ್ನು ಬೇರೆ ಪೆಟ್ಟಿಗೆಗೆ ಸುರಿದು ಕಳಿಸುವುದೂ ಉಂಟು. ಆಗ ಕೂಲಿ ಇನ್ನೊಂದು ಸಲ, ಹಣ್ಣಿಗೆ ಪೆಟ್ಟೂ ಇನ್ನೊಂದು ಸಲ. ಮಡಚುವ ಕ್ರೇಟ್‌ಗಳು ಬಂದಿವೆ, ನಿಜ. ಆದರೆ ಬೆಲೆ ಜಾಸ್ತಿ, ಲೋಡಿಂಗ್‌ನಲ್ಲಿ ಎತ್ತಿ ಎಸೆಯುವ ಕಡೆ ಕೀಲು ಉಳಿಯುವುದು ಕಷ್ಟ.

ದೂರ ಒಂದೇ ಕಾರಣವಲ್ಲ. ಸುತ್ತಮುತ್ತಲೇ ಎಷ್ಟು ಕ್ರೇಟ್ ಉಳಿದುಬಿಟ್ಟಿವೆ ನೋಡಿ: ತರಕಾರಿ ಗಾಡಿಯ ಕೆಳಗೆ, ಕಿರಾಣಿ ಅಂಗಡಿಯಲ್ಲಿ ಎಣ್ಣೆ ಪ್ಯಾಕೆಟ್ ಜೋಡಿಸಲು, ಟೀ ಅಂಗಡಿ ಮುಂದೆ ಬೋರಲು ಹಾಕಿ ಕೂರಲು. ಯಾರೂ ಕದ್ದಿದ್ದಲ್ಲ. ಯಾರೂ ಕೇಳಲಿಲ್ಲ, ಉಳಿದುಕೊಂಡಿತು.

ಅದೇ ಅಂಗಡಿಯಲ್ಲಿ ನಂದಿನಿ ಹಾಲಿನ ಕ್ರೇಟ್ ಮಾತ್ರ ತಪ್ಪದೆ ವಾಪಸ್ ಹೋಗುತ್ತೆ. ಗಾಡಿ ದಿನಾ ಬರುತ್ತೆ, ಹಾಲು ಇಳಿಸಿದ ಮೇಲೆ ಹೇಗೂ ಖಾಲಿ ಹೋಗಬೇಕು, ಎಣಿಸಿ ಹಾಕಿಕೊಂಡು ಹೋಗ್ತಾರೆ. ಗ್ಯಾಸ್ ಸಿಲಿಂಡರ್‌ಗೆ ಡಿಪಾಸಿಟ್ ಇದೆ. ಖಾಲಿ ಕೊಡದೆ ತುಂಬಿದ್ದು ಸಿಗಲ್ಲ. ಟೊಮೆಟೊ ಕ್ರೇಟಿನಲ್ಲಿ ಈ ಹಿಡಿತ ಸಡಿಲ.

ಕಾರ್ಖಾನೆ ಲೋಕದಲ್ಲಿ ಇದಕ್ಕೆ ಬೇರೆಯೇ ದಾರಿ ಇದೆ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೇನೆ ಆಸ್ಟ್ರೇಲಿಯಾದಲ್ಲಿ ಬಿಟ್ಟುಹೋದ ಪ್ಯಾಲೆಟ್, ಫೋರ್ಕ್‌ಲಿಫ್ಟ್‌ಗಳಿಂದ ಶುರುವಾದ 'ಚೆಪ್' ಕಂಪನಿಯನ್ನೇ ನೋಡಿ. ನೀಲಿ ಬಣ್ಣದ ಪ್ಯಾಲೆಟ್ ಅದರದೇ, ಮಾರಲ್ಲ, ಬಾಡಿಗೆಗೆ ಕೊಡುತ್ತೆ. ಸರಕು ಇಳಿದ ಊರಿನ ಹತ್ತಿರದ ಡಿಪೊಗೇ ಖಾಲಿ ಸೇರುತ್ತೆ, ರಿಪೇರಿಯಾಗಿ ಅಲ್ಲಿಂದಲೇ ಇನ್ನೊಬ್ಬರಿಗೆ ಹೋಗುತ್ತೆ. ಪ್ರತಿ ಪ್ಯಾಲೆಟ್ ಹೊರಟ ಜಾಗಕ್ಕೇ ಬರಬೇಕಿಲ್ಲ.

ಕೋಲಾರದಲ್ಲಿ ಒಂದೊಂದು ಮಂಡಿಗೂ ಅದರದೇ ಕ್ರೇಟ್. ಒಬ್ಬರದು ಇನ್ನೊಬ್ಬರ ಅಂಗಳದಲ್ಲಿ ಬಿದ್ದರೆ ತಕರಾರು. ಎಲ್ಲರಿಗೂ ಒಂದೇ ಅಳತೆಯ ಕ್ರೇಟ್, ಅದಕ್ಕೊಂದು ಡಿಪಾಸಿಟ್, ಎಪಿಎಂಸಿಯಲ್ಲೇ ತೊಳೆಯುವ ಜಾಗ ಮಾಡಿದರೆ ಅರ್ಧ ಜಗಳ ಮುಗಿಯುತ್ತೆ. ತೊಳೆಯುವುದು ಸಣ್ಣ ಮಾತಲ್ಲ, ಕೊಳೆತ ಹಣ್ಣಿನ ರಸ, ಮಣ್ಣು ಅಂಟಿದ ಕ್ರೇಟು ಒಂದು ತೋಟದ ರೋಗವನ್ನು ಇನ್ನೊಂದಕ್ಕೆ ಹೊತ್ತೊಯ್ಯಬಹುದು. ಅಡ್ಡಿ ಇರುವುದು ಮಂಡಿಗಳಲ್ಲೇ: ಕ್ರೇಟ್ ಕೊಟ್ಟ ಮಂಡಿಗೇ ರೈತ ಮಾಲು ತರ್ತಾನೆ. ಕ್ರೇಟ್ ಎಲ್ಲರದೂ ಆದರೆ ಆ ಹಿಡಿತ ಹೋಗುತ್ತೆ. ಅದನ್ನು ಸುಲಭಕ್ಕೆ ಬಿಟ್ಟುಕೊಡ್ತಾರಾ?

ಅಲ್ಲಿವರೆಗೆ ರೈತರ ಕೈಲಿರುವುದು ಇಷ್ಟು: ಖಾಲಿ ಒಯ್ಯುವಾಗಲೇ ಒಡೆದವನ್ನು ತೋರಿಸಿ ಬದಲಾಯಿಸಿಕೊಳ್ಳಿ, ಹರಾಜಿನ ಪಟ್ಟಿಯಲ್ಲಿ ಹಣ್ಣಿನ ದರದ ಜೊತೆ ಎಷ್ಟು ಕ್ರೇಟ್ ಒಪ್ಪಿಸಿದಿರಿ ಅನ್ನುವುದನ್ನೂ ಬರೆಸಿಕೊಳ್ಳಿ.