ಪಾತ್ರಕ್ಕೆ ಸಲ್ಲಬೇಕಾದ ನ್ಯಾಯ

ಧಾರಾವಾಹಿಗಳನ್ನು ನೋಡುವ ಜನ ಅವುಗಳ ಪಾತ್ರಗಳನ್ನು ಕುರಿತು ಆಡುವ ಮಾತಿಗೆ ವಿಮರ್ಶೆಯ ಗೌರವ ಸಲ್ಲುವುದೇ ಇಲ್ಲವೇ ಎಂಬ ಪ್ರಶ್ನೆಯನ್ನು ನಮ್ಮ ವಿದ್ವಜ್ಜನರು ಗಂಭೀರವಾಗಿ ಎತ್ತಿಕೊಂಡುದು ವಿರಳ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಮನೆಗಳಲ್ಲಿ, ಅಂಗಳದ ಅಡಕೆಯ ಕೆಲಸ ಮುಗಿದು ರಾತ್ರಿಯ ಊಟಕ್ಕೆ ಇನ್ನೂ ಹೊತ್ತಿರುವಾಗ, ಬೆಂಗಳೂರು ಮೈಸೂರುಗಳ ಕನ್ನಡವನ್ನಾಡುವ ಪಾತ್ರಗಳನ್ನು ಮುಂದಿರಿಸಿಕೊಂಡು ತುಳುವಿನಲ್ಲೋ ಅರೆಭಾಷೆಯಲ್ಲೋ ಹವ್ಯಕ ನುಡಿಯಲ್ಲೋ ನಡೆಯುವ ಚರ್ಚೆಗೆ ಕಿವಿಗೊಟ್ಟವರು ಮಾತ್ರ ಅದನ್ನು ಕಾಲಹರಣವೆಂದು ತಳ್ಳಿಬಿಡಲಾರರು. ‘ಅವಳು ಹಾಗೆ ಹೇಳುವವಳೇ ಅಲ್ಲ’ ಎಂದು ಒಬ್ಬ ಅತ್ತೆ ಸೊಸೆಯೊಡನೆ ವಾದಿಸುವಾಗ, ಆಕೆ ಒಂದು ಕಲ್ಪಿತ ವ್ಯಕ್ತಿಯ ಶೀಲ, ಸ್ವಭಾವ, ಪೂರ್ವವೃತ್ತಗಳನ್ನೆಲ್ಲ ನೆನಪಿನಲ್ಲಿ ಹಿಡಿದು, ಹೊಸದಾಗಿ ಆ ಪಾತ್ರದ ಬಾಯಿಗಿಟ್ಟ ಮಾತು ಅವುಗಳೊಡನೆ ಹೊಂದುವುದೋ ಎಂದು ತೂಗಿನೋಡುತ್ತಿರುತ್ತಾಳೆ. 11ನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವಿತವೆಂದು ಪ್ರತಿಪಾದಿಸಿದಾಗ ಉದ್ದೇಶಿಸಿದ ಪರೀಕ್ಷೆ ಬೇರೆಯದಲ್ಲ.

ಈ ಸೀಮೆಯಲ್ಲಿ ಆ ಪರೀಕ್ಷೆಗೆ ದೀರ್ಘವಾದ ಅಭ್ಯಾಸಬಲವುಂಟು. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದುದ್ದಕ್ಕೂ ದೇವಸ್ಥಾನಗಳಲ್ಲಿಯೂ ಮನೆಯ ಚಾವಡಿಗಳಲ್ಲಿಯೂ ನಡೆದುಬಂದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಚೆಂಡೆಮದ್ದಳೆ, ಅರ್ಥಧಾರಿಯ ಮಾತು, ಇಷ್ಟೆ. ಪದ್ಯಗಳು ಮೊದಲೇ ಗೊತ್ತು, ಕಥೆಯ ಅಂತ್ಯವಂತೂ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದಿರುವುದು, ಪಾತ್ರವು ಇಂದು ತನ್ನನ್ನು ಹೇಗೆ ಸಮರ್ಥಿಸಿಕೊಳ್ಳುವುದೆಂಬುದೊಂದೇ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಮುಂದೆ ನಿದ್ದೆಗೆಟ್ಟು ಕುಳಿತವರಾರೂ ವಾಲಿ ಬದುಕಿಕೊಳ್ಳಲಿ ಎಂದು ಹಾರೈಸಿ ಕುಳಿತವರಲ್ಲ. ಮರೆಯಲ್ಲಿ ನಿಂತು ಬಾಣಬಿಟ್ಟವನನ್ನು ಪ್ರಶ್ನಿಸುವ ಅಧಿಕಾರ ಆ ವಾನರರಾಜನಿಗೆ ಎಷ್ಟರಮಟ್ಟಿಗೆ ಉಂಟು, ತಮ್ಮನ ಹೆಂಡತಿಯನ್ನು ಅಪಹರಿಸಿದವನ ಬಾಯಲ್ಲಿ ಧರ್ಮದ ಮಾತು ಎಲ್ಲಿಯವರೆಗೆ ನಿಲ್ಲಬಲ್ಲದು ಎಂಬ ಜಿಜ್ಞಾಸೆಯೇ ಅವರನ್ನು ಎಚ್ಚರವಾಗಿರಿಸಿತ್ತು. ಅರ್ಥಧಾರಿಯು ಪಾತ್ರವನ್ನು ಮೀರಿ ತನ್ನ ಪಾಂಡಿತ್ಯವನ್ನು ಮೆರೆದನೆಂದರೆ ಮರುದಿನ ಹೋಟೆಲಿನ ಬೆಂಚಿನ ಮೇಲೆ ಅದರ ವಿಚಾರಣೆ ತಪ್ಪುತ್ತಿರಲಿಲ್ಲ. ಒಬ್ಬನೇ ಕರ್ಣನು ರಾತ್ರಿಗೊಬ್ಬ ಅರ್ಥಧಾರಿಯಲ್ಲಿ ಬೇರೆಬೇರೆಯಾಗಿ ಮೈದೋರುವುದನ್ನು ಕಂಡ ಈ ಜನ, ಪಾತ್ರ ಬೇರೆ, ಅದನ್ನು ಧರಿಸಿದವನು ಬೇರೆ ಎಂಬ ವಿವೇಕವನ್ನು ಯಾರ ಪಾಠವೂ ಇಲ್ಲದೆ ಪಡೆದರು. ದೂರದರ್ಶನದ ಪರದೆಯಲ್ಲಾದರೋ ಮುಖವೇ ಪಾತ್ರವಾಗಿಬಿಡುತ್ತದೆ; 2022ರಲ್ಲಿ ‘ಜೊತೆಜೊತೆಯಲಿ’ ಧಾರಾವಾಹಿಯ ನಾಯಕನ ಪಾತ್ರಕ್ಕೆ ಅನಿರುದ್ಧರ ಬದಲು ಹರೀಶ್ ರಾಜ್ ಬಂದಾಗ ಆ ಬದಲಾವಣೆಗೆ ಕಥೆಯೊಳಗೇ ಕಾರಣವೊಂದನ್ನು ಹೆಣೆಯಬೇಕಾಯಿತು.

ಆದರೆ ಅಭಿಮಾನಿಯ ಬಾಯಿಂದ ಬರುವ ಮಾತೆಲ್ಲವೂ ಈ ಜಾತಿಯದೆಂದು ನಾನು ಹೇಳಲಾರೆ. ‘ಇವನು ಹೀಗೆ ಮಾಡುವವನಲ್ಲ’ ಎಂಬುದು ತೀರ್ಪು. ‘ಇವನಿಗೆ ಹೀಗಾಗಕೂಡದು’ ಎಂಬುದು ಅಪೇಕ್ಷೆ. ಎರಡೂ ಪ್ರೀತಿಯಿಂದಲೇ ಹುಟ್ಟಿದರೂ ಒಂದು ಕೃತಿಯನ್ನು ಕಾಯುತ್ತದೆ, ಇನ್ನೊಂದು ಕೃತಿಕಾರನ ಕೈ ಕಟ್ಟಿಹಾಕುತ್ತದೆ. ಕಾನನ್ ಡಾಯ್ಲ್ 1893ರಲ್ಲಿ ಕೊಂದ ಷೆರ್ಲಾಕ್ ಹೋಮ್ಸ್‌ನನ್ನು ಓದುಗರ ಒತ್ತಾಯ ಬೆನ್ನುಬಿಡದಿದ್ದ ಕಾರಣ 1903ರಲ್ಲಿ ಎಬ್ಬಿಸಿ ನಿಲ್ಲಿಸಬೇಕಾಯಿತು. ಸುಳ್ಯ ಪುತ್ತೂರುಗಳ ಕಾಲೇಜು ಹುಡುಗರು ಮೊಬೈಲಿನಲ್ಲಿ ನೋಡಿ ತರ್ಕಿಸುವ ‘ಗೇಮ್ ಆಫ್ ಥ್ರೋನ್ಸ್’ ಸರಣಿಯ ಎಂಟನೆಯ ಆವೃತ್ತಿ 2019ರಲ್ಲಿ ಆರೇ ಕಂತುಗಳಲ್ಲಿ ಮುಗಿದಾಗ, ಅದನ್ನು ಮತ್ತೆ ಹೊಸದಾಗಿ ನಿರ್ಮಿಸಬೇಕೆಂಬ ಮನವಿಗೆ 15 ಲಕ್ಷಕ್ಕೂ ಮಿಕ್ಕಿ ಜನ ಸಹಿ ಹಾಕಿದರು. ಆ ಬೇಡಿಕೆಯನ್ನು ನಾನು ಒಪ್ಪೆನು; ಆದರೆ ಅದರ ಹಿಂದಿದ್ದ ದೂರನ್ನು ಒಪ್ಪುತ್ತೇನೆ. ದಾಸ್ಯವಿಮೋಚಕಿಯಾಗಿ ಏಳು ಆವೃತ್ತಿಗಳ ಕಾಲ ಬೆಳೆದ ರಾಣಿಯೊಬ್ಬಳು ನಗರದಾಹಕಿಯಾಗುವುದು ಅಸಂಭವವೇನಲ್ಲ. ಆ ಪರಿವರ್ತನೆಗೆ ಬೇಕಾದ ದಾರಿಯನ್ನು ಅವಸರದ ಲೇಖಕರು ಕಡಿದು ಸಿದ್ಧಪಡಿಸಲಿಲ್ಲ.

ಕನ್ನಡದ ದೈನಂದಿನ ಧಾರಾವಾಹಿಗಳ ರೋಗ ಈ ಅವಸರಕ್ಕೆ ತದ್ವಿರುದ್ಧವಾದುದು, ಕಥೆಯನ್ನು ಮುಗಿಸದೆ ಎಳೆಯುವುದು. ಹಿಂದಿಯ ‘ಬಾಲಿಕಾ ವಧು’ವನ್ನು ಆಧರಿಸಿ 2012ರಲ್ಲಿ ತೊಡಗಿದ ‘ಪುಟ್ಟಗೌರಿ ಮದುವೆ’ಯು ಬಾಲ್ಯವಿವಾಹವೆಂಬ ಗಹನವಾದ ಸಾಮಾಜಿಕ ಸಂಕಟವನ್ನು ಕೈಗೆತ್ತಿಕೊಂಡ ಕಥೆ. ವರ್ಷಗಳುರುಳಿ ಆ ಗೌರಿಯು ಬೆಟ್ಟದಿಂದ ಬಿದ್ದೂ ಬದುಕಿ ಅಡವಿಯಲ್ಲಿ ಅಲೆಯುವಂತಾದಾಗ ನಾಡಿನಾದ್ಯಂತ ನಗೆಯೆದ್ದಿತು. ಆ ನಗೆಯನ್ನು ನಾನು ಕುಚೋದ್ಯವೆಂದು ತಿಳಿಯೆನು. ಮಣೆಯ ಮೇಲೆ ಕುಳಿತು ಅರ್ಥವರಿಯದೆ ತಾಳಿ ಕಟ್ಟಿಸಿಕೊಂಡ ಮಗುವಿನ ಕಥೆ ಎಲ್ಲಿ ಕಳೆದುಹೋಯಿತೆಂಬ ದುಃಖ ಅದರೊಳಗಿತ್ತು; ತಮ್ಮ ಕುಟುಂಬದ ಅಜ್ಜಿಯರಲ್ಲಿಯೇ ಅಂತಹ ಮದುವೆಗಳನ್ನು ಕಂಡ ಹೆಂಗಸರಿಗೆ ಆ ನಷ್ಟ ಸಣ್ಣದಾಗಿರಲಿಲ್ಲ.

ದುರ್ದೈವವೆಂದರೆ, ಆಯ್ದ ಮನೆಗಳ ಯಂತ್ರಗಳಿಂದ ವಾರವಾರವೂ ಲೆಕ್ಕಹಾಕಿ ತೆಗೆಯುವ ಟಿಆರ್‌ಪಿಯು ಆ ಹೊತ್ತಿಗೆ ಯಾವ ವಾಹಿನಿ ಓಡುತ್ತಿತ್ತು, ಯಾರು ಮುಂದೆ ಕುಳಿತಿದ್ದರು ಎಂಬುದನ್ನಷ್ಟೇ ಬಲ್ಲದು. ತನ್ಮಯಳಾಗಿ ನೋಡುವವಳೂ, ‘ಕಥೆ ಎಳೆಯುತ್ತಿದ್ದಾರೆ’ ಎಂದು ಬೈಯುತ್ತ ನೋಡುವವಳೂ ಅದರ ಪಾಲಿಗೆ ಸಮಾನರು. ಹೀಗೆ ತೀರ್ಪು ಸೋಸಿಹೋಗಿ ಹಾಜರಿಯೊಂದೇ ಉಳಿಯುತ್ತದೆ. ಹಾಜರಿ ಇರುವವರೆಗೆ ಕಥೆಗೆ ಮುಗಿಯುವ ಹಕ್ಕಿಲ್ಲ. ತಾಳಮದ್ದಳೆಯ ಪ್ರಸಂಗಕ್ಕಾದರೋ ಮಂಗಳಪದ್ಯವುಂಟು. ಅಂತ್ಯ ಗೊತ್ತಿರುವ ಕಥೆಯಲ್ಲಿ ಮಾತ್ರವೇ ಪಾತ್ರದ ಪ್ರತಿಯೊಂದು ಮಾತಿಗೂ ಭಾರ ಬರುವುದು. ಎತ್ತ ಸಾಗುವೆನೆಂದು ತಾನೇ ಅರಿಯದ ಕಥೆಯಲ್ಲಿ ನಿನ್ನೆಯ ಸಾಧ್ವಿಯು ನಾಳೆ ಕಪಟಿಯಾಗುವುದಕ್ಕೆ ಅಡ್ಡಿಯೇನಿದೆ?

ಧಾರಾವಾಹಿಗಳೆಲ್ಲವೂ ಹೀಗೆಯೇ ಎಂದಲ್ಲ. ಟಿ. ಎನ್. ಸೀತಾರಾಂ ಅವರ ಧಾರಾವಾಹಿಗಳ ನ್ಯಾಯಾಲಯದ ದೃಶ್ಯಗಳಲ್ಲಿ ವಕೀಲ ಸಿ.ಎಸ್.ಪಿ. ಮಂಡಿಸುತ್ತಿದ್ದ ವಾದಕ್ಕೆ ತಾಳಮದ್ದಳೆಯ ಗುಣವಿತ್ತು, ಎದುರಾಳಿಗೂ ಅಲ್ಲಿ ತನ್ನದಾದ ಯುಕ್ತಿಯಿತ್ತು. ಆದರೆ ನನ್ನ ಪಕ್ಷಕ್ಕೆ ಅತಿ ಪ್ರಬಲವಾದ ಸಾಕ್ಷಿ ಭೈರಪ್ಪನವರ ‘ಗೃಹಭಂಗ’. ಗಿರೀಶ ಕಾಸರವಳ್ಳಿಯವರು ಅದನ್ನು ಧಾರಾವಾಹಿಯಾಗಿಸಿದಾಗ ಅದರ ಅಂತ್ಯ ಕಾದಂಬರಿಯಲ್ಲಿ ದಶಕಗಳ ಹಿಂದೆಯೇ ಅಚ್ಚಾಗಿತ್ತು. ಗಂಡನ ಬೇಜವಾಬ್ದಾರಿ, ಅತ್ತೆಯ ಬೈಗುಳ, ಹಸಿವು ಎಲ್ಲವನ್ನೂ ಎದುರಿಸಿ ಮನೆಯನ್ನು ಹೊತ್ತ ನಂಜಮ್ಮ ಪ್ಲೇಗಿಗೆ ತುತ್ತಾಗುತ್ತಾಳೆ. ಆಕೆ ಬದುಕಬೇಕಿತ್ತೆಂದು ಹಾರೈಸದ ಮನಸ್ಸಿಲ್ಲ. ಹಾರೈಸಿದ ಅದೇ ಮನಸ್ಸು, ಆಕೆಯ ಸಾವು ಆ ಊರಿಗೆ, ಆ ಕಾಲಕ್ಕೆ, ಆ ಬಾಳಿಗೆ ಸಲ್ಲದು ಎಂದು ಹೇಳಲಾರದು.