ಖಾಲಿ ಪಾತಿಗೆ ಸ್ಟೀವಿಯಾನೋ, ಜುಕಿನಿಯೋ?



ನಮ್ಮ ಶಾಲೆಯ ಕೈತೋಟದಲ್ಲಿ ನಲ್ಲಿ ಪಕ್ಕದ ಪಾತಿ ಖಾಲಿ ಬಿದ್ದಿದೆ. ಉದ್ದ 12 ಅಡಿ, ಅಗಲ 9 ಅಡಿ. ದಸರಾ ರಜೆ ಮುಗಿದ ಮೇಲೆ ಅಲ್ಲಿ ಏನು ಹಾಕೋಣ ಎಂದು ವಿಜ್ಞಾನದ ಮೇಷ್ಟ್ರು ಕೇಳಿದ್ದೇ ತಡ, ನಮ್ಮ ತರಗತಿ ಎರಡು ಪಕ್ಷವಾಯಿತು. ಒಂದು ಪಕ್ಷ ಸ್ಟೀವಿಯಾ ಅನ್ನುತ್ತೆ, ಇನ್ನೊಂದು ಜುಕಿನಿ ಅನ್ನುತ್ತೆ. ನನ್ನ ಓಟು ಜುಕಿನಿಗೆ. ಯಾಕೆ ಅಂತ ಇಲ್ಲಿ ಬರೆದಿದ್ದೇನೆ. ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯಬಹುದು.

ಮೊದಲು ಸ್ಟೀವಿಯಾ ವಿಷಯ. ಇದನ್ನು ಸಿಹಿ ತುಳಸಿ ಅಂತಲೂ ಕರೀತಾರೆ. ಆದರೆ ಇದು ತುಳಸಿ ಜಾತಿಯದಲ್ಲ, ಸೂರ್ಯಕಾಂತಿ, ಸೇವಂತಿಗೆಯ ನೆಂಟ. ಇದರ ತವರು ದಕ್ಷಿಣ ಅಮೆರಿಕದ ಪರಗ್ವೇ ದೇಶ. ಅಲ್ಲಿನ ಗ್ವಾರನಿ ಜನ ಬಹಳ ಹಿಂದಿನಿಂದ ಕಷಾಯಕ್ಕೆ ಈ ಎಲೆ ಹಾಕಿಕೊಂಡು ಕುಡಿಯುತ್ತಿದ್ದರು. 1899ರಲ್ಲಿ ಬೆರ್ಟೋನಿ ಎಂಬ ವಿಜ್ಞಾನಿ ಈ ಗಿಡವನ್ನು ಶಾಸ್ತ್ರೀಯವಾಗಿ ವರ್ಣಿಸಿದರು. ಎಲೆಯಿಂದ ಬೇರ್ಪಡಿಸಿದ ಸಿಹಿ ಪದಾರ್ಥ ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿ. ಒಂದು ಎಲೆ ಬಾಯಿಗೆ ಹಾಕಿಕೊಂಡರೆ ಸಾಕು, ಯಾರಿಗಾದರೂ ಆಶ್ಚರ್ಯವಾಗುತ್ತೆ. ಆ ಪಕ್ಷದವರು ಸ್ಟೀವಿಯಾ ಬೇಕು ಅನ್ನೋದಕ್ಕೆ ಆ ಸಿಹಿಯೇ ಕಾರಣ ಅಂತ ನನ್ನ ಅನುಮಾನ!

ಆದರೆ ಬೆಳೆಸೋದು ಬೇರೆ ಮಾತು. ಸ್ಟೀವಿಯಾ ಬೀಜ ಹಾಕಿದರೆ ಬಹಳಷ್ಟು ಮೊಳೆಯುವುದೇ ಇಲ್ಲ. ಕಡ್ಡಿ ನೆಟ್ಟು ಬೇರು ಬರಿಸಬೇಕು, ಇಲ್ಲವೇ ನರ್ಸರಿಯಿಂದ ಸಸಿ ತರಬೇಕು. ಅಡಿಗೊಂದು ಸಸಿ ಅಂದರೂ ನಮ್ಮ ಪಾತಿಗೆ ನೂರು ಸಸಿ ಬೇಕು. ನಮ್ಮ ಕೋಲಾರದ ಕಡೆ ಕೆಂಪು ಮಣ್ಣು ಅದಕ್ಕೆ ಒಗ್ಗುತ್ತೆ, ಅದು ನಿಜ. ಕಷ್ಟ ಇರೋದು ನೀರಿನಲ್ಲಿ. ಅದರ ಬೇರು ಆಳಕ್ಕೆ ಇಳಿಯೋಲ್ಲ, ಮೇಲ್ಮಣ್ಣಿನಲ್ಲೇ ಇರುತ್ತೆ. ಮಣ್ಣು ಒಣಗಿದರೆ ಗಿಡ ಜೋತು ಬೀಳುತ್ತೆ, ನೀರು ನಿಂತರೆ ಬೇರು ಕೊಳೆಯುತ್ತೆ. ಅಂದರೆ ಸ್ವಲ್ಪ ಸ್ವಲ್ಪವಾಗಿ, ಮೇಲಿಂದ ಮೇಲೆ, ವರ್ಷಪೂರ್ತಿ ಹಾಕಬೇಕು. ಒಮ್ಮೆ ನೆಟ್ಟರೆ ಮೂರ್ನಾಲ್ಕು ವರ್ಷ ಇರುತ್ತೆ ಅಂತ ಆ ಪಕ್ಷದವರು ಹೆಮ್ಮೆಯಿಂದ ಹೇಳ್ತಾರೆ. ಸರಿ. ಹಾಗಾದರೆ ಏಪ್ರಿಲ್ ಮೇ ತಿಂಗಳಲ್ಲಿ ಶಾಲೆಗೆ ಬೀಗ ಹಾಕಿದಾಗ ನೀರು ಹಾಕೋರು ಯಾರು? ಆಗ ನಾವು ಅಜ್ಜಿ ಮನೆಯಲ್ಲಿ ಇರ್ತೀವಿ, ಬೋರ್‌ವೆಲ್ ನೀರು ಊರಿಗೇ ಸಾಲೋದಿಲ್ಲ.

ಇನ್ನೊಂದು ತೊಡಕಿದೆ, ಅದು ಯಾರಿಗೂ ಹೊಳೆದಿಲ್ಲ. ಸ್ಟೀವಿಯಾ ಕೂಡ ಸೇವಂತಿಗೆಯ ಹಾಗೆ ಹಗಲು ಚಿಕ್ಕದಾದರೆ ಹೂವು ಬಿಡುವ ಗಿಡ. ಸೇವಂತಿಗೆ ಬೇಗ ಹೂವಾಗದೆ ಗಿಡ ಬೆಳೆಯಲಿ ಅಂತ ತೋಟದಲ್ಲಿ ರಾತ್ರಿ ಬಲ್ಬು ಉರಿಸೋದನ್ನ ನಮ್ಮ ಕಡೆ ಕೆಲವರು ನೋಡಿರಬಹುದು. ಪರಗ್ವೇಯಲ್ಲಿ ಬೇಸಿಗೆಯ ಹಗಲು ಹದಿಮೂರೂವರೆ ಗಂಟೆಯಷ್ಟು ಇರುತ್ತೆ. ನಮ್ಮಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲು ಕೂಡ 13 ಗಂಟೆ ಮುಟ್ಟುವುದಿಲ್ಲ. ಹಾಗಾಗಿ ಇಲ್ಲಿ ಗಿಡ ಮೊಳಕಾಲೆತ್ತರ ಆಗುವ ಮೊದಲೇ ಮೊಗ್ಗು ಬಿಡಲು ಹೊರಡುತ್ತೆ. ಹೂವಾದ ಮೇಲೆ ಎಲೆಯ ಸಿಹಿ ಕಡಿಮೆಯಾಗುತ್ತೆ. ಆದ್ದರಿಂದ ಮೊಗ್ಗು ಕಂಡ ಹಾಗೆಲ್ಲ ಚಿವುಟುತ್ತಾ ಇರಬೇಕು. ನೂರು ಗಿಡ!

ಈಗ ಜುಕಿನಿ. ಇದು ಕುಂಬಳದ ವಂಶದ್ದು. ಮೂಲ ಅಮೆರಿಕ ಖಂಡವಾದರೂ ಈ ರೂಪಕ್ಕೆ ಬಂದದ್ದು ಇಟಲಿಯಲ್ಲಿ. ಹೆಸರೂ ಅವರದೇ, ಪುಟ್ಟ ಕುಂಬಳ ಎಂದು ಅರ್ಥ. ನಮ್ಮ ಕಡೆ ಬೆಂಗಳೂರಿನ ಮಾರ್ಕೆಟ್ಟಿಗೆ ಅಂತ ಹಸಿರು, ಹಳದಿ ಎರಡೂ ಬೆಳೀತಾರೆ. ನಮ್ಮ ಸಿಹಿಕುಂಬಳವನ್ನೇ ಹಾಕಬಾರದಾ ಅಂತ ಕೆಲವರು ಕೇಳಿದರು. ಅದನ್ನು ಹಾಕಿದರೆ ಬಳ್ಳಿ ಕಬಡ್ಡಿ ಅಂಕಣದ ತನಕ ಹೋಗುತ್ತೆ. ಹೀರೆಗೆ ಚಪ್ಪರ ಬೇಕು. ಜುಕಿನಿ ಪೊದೆಯ ಹಾಗೆ ಇದ್ದಲ್ಲೇ ಇರುತ್ತೆ. 3 ಅಡಿಗೊಂದು ಗುಣಿ ತೋಡಿ, ಕೊಟ್ಟಿಗೆ ಗೊಬ್ಬರ ತುಂಬಿ, ಬೀಜ ಊರಿದರೆ 12 ಗಿಡ ಹಿಡಿಯುತ್ತೆ. ಬುಡಕ್ಕೆ ಮಾತ್ರ ನೀರು, ಎಲೆಗೆ ಬೇಡ. ಬೀಜ ಹಾಕಿ 45ರಿಂದ 60 ದಿನಕ್ಕೆ ಕಾಯಿ. ದಸರಾ ಆದ ಮೇಲೆ ಬಿತ್ತಿದರೆ ಸಂಕ್ರಾಂತಿಗೆ ಮುಂಚೆಯೇ ಬಿಸಿಯೂಟದ ಸಾಂಬಾರಿಗೆ ಬರುತ್ತೆ. ಪರೀಕ್ಷೆ ಹೊತ್ತಿಗೆ ಗಿಡದ ಆಯಸ್ಸೂ ಮುಗಿದಿರುತ್ತೆ, ಕಿತ್ತು ಗೊಬ್ಬರದ ಗುಂಡಿಗೆ ಹಾಕಿ ರಜೆಗೆ ಹೋಗಬಹುದು.

ಜುಕಿನಿ ಸುಲಭ ಅಂತ ನಾನು ಹೇಳುತ್ತಿಲ್ಲ. ರೋಗ, ಹುಳ ಸ್ಟೀವಿಯಾಕ್ಕಿಂತ ಇದಕ್ಕೇ ಜಾಸ್ತಿ. ಎರಡೆಲೆ ಇರುವಾಗಲೇ ಕೆಂಪು ದುಂಬಿ ಬಂದು ತೂತು ಮಾಡುತ್ತೆ, ಬೆಳಿಗ್ಗೆ ಕೈಯಲ್ಲೇ ಹಿಡಿಯಬೇಕು. ಚಳಿಗಾಲದಲ್ಲಿ ಎಲೆಗೆ ಬೂದಿ ರೋಗ. ಹಣ್ಣುನೊಣ ಚುಚ್ಚಿದ ಕಾಯಿಯನ್ನು ಅಲ್ಲೇ ಬಿಸಾಡದೆ ಆಳವಾಗಿ ಹೂಳಬೇಕು.

ಎಲ್ಲಕ್ಕಿಂತ ಮುಖ್ಯ ಹೂವಿನ ಕೆಲಸ. ಒಂದೇ ಗಿಡದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ತೆಳು ತೊಟ್ಟಿನದು ಗಂಡು, ಕೆಳಗೆ ಪುಟ್ಟ ಕಾಯಿ ಇರುವುದು ಹೆಣ್ಣು. ಮೊದಲ ದಿನಗಳಲ್ಲಿ ಬರೀ ಗಂಡು ಹೂವೇ ಬಂದರೆ ಹೆದರಬೇಡಿ. ಹೂವು ಒಂದೇ ಒಂದು ಬೆಳಿಗ್ಗೆ ಅರಳಿರುತ್ತೆ, ಬಿಸಿಲೇರಿದರೆ ಮುಚ್ಚಿಕೊಳ್ಳುತ್ತೆ. ಅಷ್ಟರಲ್ಲಿ ಜೇನು ಬರದಿದ್ದರೆ ಗಂಡು ಹೂವು ಕಿತ್ತು ಅದರ ಪರಾಗವನ್ನು ನಾವೇ ಹೆಣ್ಣು ಹೂವಿಗೆ ಮುಟ್ಟಿಸಬೇಕು. ಇಲ್ಲದಿದ್ದರೆ ಪುಟ್ಟ ಕಾಯಿ ಹಳದಿಯಾಗಿ ತುದಿಯಿಂದ ಕೊಳೆಯುತ್ತೆ. ಪರಾಗಸ್ಪರ್ಶದ ಪಾಠವನ್ನು ಚಿತ್ರ ಬರೆದು ಉರು ಹೊಡೆಯೋದಕ್ಕಿಂತ ಇದು ವಾಸಿ ಅಲ್ವಾ? ಕಾಯಿ ಗೇಣುದ್ದ ಆದ ಕೂಡಲೇ ಕೊಯ್ಯಬೇಕು. ಬಿಟ್ಟರೆ ಸೋರೆಕಾಯಿ ಗಾತ್ರಕ್ಕೆ ಊದುತ್ತೆ, ಗಿಡ ಹೊಸ ಕಾಯಿ ಬಿಡೋದು ಕಡಿಮೆ ಮಾಡುತ್ತೆ. ಅಡುಗೆ ಅಕ್ಕಂದಿರಿಗೆ ಒಂದು ಮಾತು: ಹೆಚ್ಚುವಾಗ ಚೂರು ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿ ಅನ್ನಿಸಿದರೆ ಆ ಕಾಯಿ ಎಸೆದುಬಿಡಿ. ಕಹಿ ಸೋರೆಯ ಹಾಗೆ ಅದೂ ವಿಷವಾಗಬಹುದು.

ಸ್ಟೀವಿಯಾಕ್ಕೆ ವರ್ಷವಿಡೀ ಬಿಡುವಿಲ್ಲದ ಸಣ್ಣ ಆರೈಕೆ ಬೇಕು, ಜುಕಿನಿಗೆ ಎರಡು ಮೂರು ತಿಂಗಳ ಗಟ್ಟಿ ಆರೈಕೆ ಬೇಕು. ಎರಡನೆಯದು ಶಾಲೆ ಮಕ್ಕಳಿಂದ ಆಗುವ ಕೆಲಸ, ಮೊದಲನೆಯದು ಅಲ್ಲ.

ಕಡೆಯದಾಗಿ ಸಕ್ಕರೆ ಕಾಯಿಲೆ ಮಾತು. ಈ ಎಲೆ ತಿಂದರೆ ಶುಗರ್ ವಾಸಿಯಾಗುತ್ತೆ, ಮನೆಗೆ ಒಯ್ದು ತಾತನಿಗೆ ಕೊಡಬಹುದು ಅಂತ ತರಗತಿಯಲ್ಲಿ ಹೇಳಿದರು. ಇದನ್ನು ನಾನು ಖಂಡಿಸುತ್ತೇನೆ. ನಮ್ಮ ದೇಶದಲ್ಲಿ 2015ರಲ್ಲಿ ಅನುಮತಿ ಸಿಕ್ಕಿದ್ದು ಎಲೆಯಿಂದ ಶುದ್ಧ ಮಾಡಿ ತೆಗೆದ ಪದಾರ್ಥಕ್ಕೆ, ಅದೂ ಸಕ್ಕರೆಗೆ ಬದಲಾಗಿ ಆಹಾರದಲ್ಲಿ ಬಳಸೋದಕ್ಕೆ. ಅದು ಔಷಧಿಯಲ್ಲ. ಸಕ್ಕರೆ ಹಾಕದ ಟೀ ಕುಡಿಯೋದು ಬೇರೆ, ಮಾತ್ರೆ ಬಿಡೋದು ಬೇರೆ. ಎಲೆ ನಂಬಿಕೊಂಡು ಯಾರ ಮನೆಯ ತಾತನೂ ಮಾತ್ರೆ ನಿಲ್ಲಿಸೋದು ಬೇಡ.

ಹಾಗಂತ ಸ್ಟೀವಿಯಾ ಬೇಡವೇ ಬೇಡ ಅಂತಲ್ಲ. ಎರಡು ಸಸಿ ಕುಂಡದಲ್ಲಿ ಇಡೋಣ. ರಜೆಯಲ್ಲಿ ಆ ಪಕ್ಷದವರೇ ಮನೆಗೆ ಹೊತ್ತುಕೊಂಡು ಹೋಗಿ ನೀರು ಹಾಕಲಿ. ಪಾತಿ ಜುಕಿನಿಗೆ ಇರಲಿ. ಹೂವು ಬಿಡುವ ವಾರಗಳಲ್ಲಿ ಪ್ರಾರ್ಥನೆಗೆ ಒಂದು ಗಂಟೆ ಮೊದಲೇ ಬರೋರು ದಿನಕ್ಕಿಬ್ಬರು ಬೇಕು. ಸೋಮವಾರ, ಗುರುವಾರ ನಾನು ಬರ್ತೀನಿ. ಭಾನುವಾರಕ್ಕೆ ಶಾಲೆ ಹತ್ತಿರ ಮನೆ ಇರೋರು ಹೆಸರು ಕೊಡಿ.

— 9ನೇ ತರಗತಿಯ ವಿದ್ಯಾರ್ಥಿನಿ