ಕ್ಲೇಮು ವಿಭಾಗದ ಕುರ್ಚಿಯಲ್ಲಿ ಯಾರಿದ್ದಾರೆ?

ಕಳೆದ ವರ್ಷ ನನ್ನ ಪತ್ನಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. ಹನ್ನೊಂದು ವರ್ಷ ತಪ್ಪದೆ ಕಂತು ಕಟ್ಟಿದ ಆರೋಗ್ಯ ವಿಮೆ ನಮ್ಮದು. ಮನೆಗೆ ಹೋಗಬಹುದೆಂದು ವೈದ್ಯರು ಹೇಳಿದ್ದು ಬೆಳಿಗ್ಗೆ ಹತ್ತಕ್ಕೆ; ವಿಮಾ ಕಂಪನಿಯ ಒಪ್ಪಿಗೆ ಬಂದದ್ದು ರಾತ್ರಿ ಎಂಟಕ್ಕೆ. ನಡುವೆ ದೂರವಾಣಿಯಲ್ಲಿ ನಾಲ್ವರೊಡನೆ ಮಾತನಾಡಿದೆ. ಪ್ರತಿಯೊಬ್ಬರೂ ಮೊದಲಿನಿಂದ ವಿಷಯ ಕೇಳಿದರು, ಮೇಲಿನವರ ಅನುಮತಿ ಬೇಕೆಂದರು. ಆ ಮೇಲಿನವರು ಯಾರೆಂಬುದು ಅವರಿಗೂ ತಿಳಿದಂತಿರಲಿಲ್ಲ.

ಮನೆಗೆ ಬಂದ ಮೇಲೆ ಈ ಸಿಟ್ಟನ್ನು ನೆರೆಮನೆಯ ಹುಡುಗಿಯೊಬ್ಬಳ ಮುಂದೆ ತೋಡಿಕೊಂಡೆ. ಆಕೆ ಬೇರೊಂದು ವಿಮಾ ಕಂಪನಿಯ ಕ್ಲೇಮು ವಿಭಾಗದಲ್ಲಿ ಹದಿನಾಲ್ಕು ತಿಂಗಳು ದುಡಿದು ಬಿಟ್ಟವಳು. ಅಷ್ಟರಲ್ಲಿ ಮೂವರು ಮೇಲಧಿಕಾರಿಗಳು ಬದಲಾಗಿದ್ದರಂತೆ. ತರಬೇತಿ ನಾಲ್ಕೇ ದಿನ. ಗಡುವು ಮುಗಿಯುವಂತಿದ್ದರೆ ಆಸ್ಪತ್ರೆಗೆ ಒಂದು ಪ್ರಶ್ನೆ ಕಳುಹಿಸಿ ಸಮಯ ಗಳಿಸುವುದನ್ನು ಹಿರಿಯರೇ ಹೇಳಿಕೊಟ್ಟರಂತೆ. ಕೊನೆಗೆ ಆಕೆ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು: ‘ಕೊಡಬಾರದ ಕ್ಲೇಮು ಕೊಟ್ಟರೆ ವಿವರಣೆ ಕೇಳುತ್ತಿದ್ದರು, ಅಂಕಲ್. ಕೊಡಬೇಕಾದ್ದನ್ನು ಕೊಡದಿದ್ದರೆ ಯಾರೂ ಕೇಳುತ್ತಿರಲಿಲ್ಲ.’

ಈ ರೋಗ ನನಗೆ ಪರಿಚಿತ. ಸರ್ಕಾರಿ ಕಚೇರಿಯಲ್ಲಿಯೂ ಮಂಜೂರು ಮಾಡಿದವನಿಗೆ ಲೆಕ್ಕಪರಿಶೋಧನೆಯ ಆಕ್ಷೇಪ ಬರುತ್ತದೆ. ‘ಮತ್ತೊಮ್ಮೆ ಪರಿಶೀಲಿಸಿ’ ಎಂದು ಬರೆದು ಕಡತ ಹಿಂದಿರುಗಿಸಿದವನಿಗೆ ಏನೂ ಬರುವುದಿಲ್ಲ. ನಾನೂ ಹಾಗೆ ಬರೆದದ್ದುಂಟು. ಆ ಕಡತಗಳ ಆಚೆ ಯಾರು ಕಾಯುತ್ತಿದ್ದರೋ, ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗ ಅರಿವಾಯಿತು.

ವಿಮಾ ಕ್ಷೇತ್ರ ಖಾಸಗಿಯವರಿಗೆ ತೆರೆದದ್ದು 1999ರ ಕಾಯ್ದೆಯಿಂದ. ಆರೋಗ್ಯ ವಿಮೆಗೆಂದೇ ಮೀಸಲಾದ ಮೊದಲ ಕಂಪನಿ ಆರಂಭವಾದದ್ದು 2006ರಲ್ಲಿ. 2020ರ ಕೋವಿಡ್ ಬಳಿಕ ಬೇಡಿಕೆ ಇನ್ನಷ್ಟು ಹೆಚ್ಚಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ ಶೇ 18ರ ಜಿಎಸ್‌ಟಿಯೂ ಹೋಯಿತು. ಹೀಗೆ ಓಡುತ್ತಾ ಬೆಳೆಯುವ ಕಂಪನಿಗೆ ಪಾಲಿಸಿ ಮಾರುವವನು ಆದಾಯವಾಗಿಯೂ ಕ್ಲೇಮು ನೋಡುವವನು ಖರ್ಚಾಗಿಯೂ ಕಾಣುತ್ತಾನೆ. ಒಳ್ಳೆಯ ಸಂಬಳ, ಬಡ್ತಿ, ಸನ್ಮಾನಗಳು ಯಾವ ಕಡೆಗೆ ಹರಿಯುತ್ತವೆಂದು ಬಿಡಿಸಿ ಹೇಳಬೇಕಿಲ್ಲ.

ನಿಯಮಗಳ ಕೊರತೆಯಿಲ್ಲ. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯಲ್ಲಿ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯಲ್ಲಿ ಉತ್ತರಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ ತಿಂಗಳಲ್ಲೇ ವಿಧಿಸಿದೆ. ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಕ್ಲೇಮು ತಿರಸ್ಕರಿಸುವಂತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವೆ. ಆದರೆ ಇಲ್ಲಿ ಪೂಜಾರಿಯ ಸ್ಥಾನದಲ್ಲಿರುವುದು ದಿನದ ಗುರಿ ಮುಟ್ಟದಿದ್ದರೆ ಕೆಲಸ ಹೋದೀತೆಂದು ಅಂಜುವ ಇಪ್ಪತ್ತೈದರ ತರುಣಿ. ದೂರಬೇಕಾದದ್ದು ಆ ಗುರಿಯನ್ನು ನಿಗದಿಪಡಿಸಿದವರನ್ನು.

ಸುಳ್ಳು ಬಿಲ್ಲುಗಳೂ ಅನಗತ್ಯ ಚಿಕಿತ್ಸೆಗಳೂ ಇವೆ, ಕಂಪನಿ ಕೈಸಡಿಲಿಸಿದರೆ ಪ್ರಾಮಾಣಿಕರ ಕಂತು ಏರುತ್ತದೆ ಎಂಬ ವಾದ ನಿಜವೇ. ಆದರೆ ಸುಳ್ಳು ಯಾವುದು, ನಿಜ ಯಾವುದು ಎಂದು ಗುರುತಿಸಲು ಅನುಭವ ಬೇಕು. ಸಿಬ್ಬಂದಿ ವರ್ಷ ತುಂಬುತ್ತಲೇ ಬಿಟ್ಟುಹೋಗುವ ಕಡೆ ಅನುಭವ ಎಲ್ಲಿಂದ ಬರಬೇಕು? ಏನೂ ತಿಳಿಯದವನಿಗೆ ‘ಇಲ್ಲ’ ಎನ್ನುವುದೇ ಸುರಕ್ಷಿತ. ವೈದ್ಯಕೀಯ ಸೇವೆಯ ಮಾರುಕಟ್ಟೆ ನಂಬಿಕೆಯಿಲ್ಲದೆ ನಡೆಯದೆಂಬುದನ್ನು ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1963ರಲ್ಲೇ ವಿವರಿಸಿದ್ದರು. ಕಂಪನಿ ತನ್ನ ಸಿಬ್ಬಂದಿಯನ್ನೇ ನಂಬದಿದ್ದರೆ ಪಾಲಿಸಿದಾರ ಆ ಕಂಪನಿಯನ್ನು ಹೇಗೆ ನಂಬಿಯಾನು?

ಎರಡು ಕೆಲಸಗಳು ಆಗಬೇಕು. ಕ್ಲೇಮು ವಿಭಾಗದಲ್ಲಿ ವರ್ಷಕ್ಕೆ ಎಷ್ಟು ಮಂದಿ ಕೆಲಸ ಬಿಟ್ಟರು, ಉಳಿದವರ ಸರಾಸರಿ ಅನುಭವವೆಷ್ಟು ಎಂಬುದನ್ನು ಪ್ರತಿ ಕಂಪನಿಯೂ ಪ್ರಕಟಿಸುವಂತೆ ಪ್ರಾಧಿಕಾರ ಆದೇಶಿಸಲಿ. ವಿಮಾ ಒಂಬುಡ್ಸ್‌ಮನ್ ಪಾಲಿಸಿದಾರರ ಪರ ತೀರ್ಪಿತ್ತ ಪ್ರತಿ ಪ್ರಕರಣವೂ ಆಡಳಿತ ಮಂಡಳಿಯ ಮುಂದೆ ಬರಲಿ. ಅದರ ಹೊಣೆ ಹಿರಿಯ ಅಧಿಕಾರಿಗಳ ಭತ್ಯೆಯಲ್ಲಿ ಕಾಣಲಿ. ತಪ್ಪಾಗಿ ಕೊಟ್ಟದ್ದಕ್ಕಿರುವ ಲೆಕ್ಕ, ತಪ್ಪಾಗಿ ನಿರಾಕರಿಸಿದ್ದಕ್ಕೂ ಇರಬೇಕು.

ನೆರೆಮನೆಯ ಹುಡುಗಿ ಈಗ ಬ್ಯಾಂಕೊಂದರಲ್ಲಿದ್ದಾಳೆ, ಸುಖವಾಗಿದ್ದಾಳೆ. ಅವಳು ಬಿಟ್ಟುಬಂದ ಕುರ್ಚಿಯಲ್ಲಿ ಇಂದು ಯಾರೋ ಹೊಸಬರು ಕುಳಿತಿರಬೇಕು. ನಾಳೆ ನಿಮ್ಮ ಮನೆಯವರ ಕಡತ ಹೋಗುವುದು ಅವರ ಮುಂದೆಯೇ.